ಆಟಿ ತಿಂಗಳ ಜೇನುಪೆಟ್ಟಿಗೆ

ಮಂಗಳೂರಿನ ಮಕ್ಕಳಿಗೆ ಜೇನಿನ ಪರಿಚಯವಾಗುವುದು ಸಾಮಾನ್ಯವಾಗಿ ಏಪ್ರಿಲ್ ಇಲ್ಲವೇ ಮೇ ತಿಂಗಳಲ್ಲಿ. ಅಜ್ಜನ ಮನೆ ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಇದ್ದರೆ ತೋಟದ ಬದಿಯಲ್ಲಿಟ್ಟ ಪೆಟ್ಟಿಗೆ. ಇಲ್ಲದಿದ್ದರೆ ಬೇಸಿಗೆ ಶಿಬಿರಕ್ಕೆ ಬಂದ ಕೃಷಿಕರೊಬ್ಬರ ಪ್ರಾತ್ಯಕ್ಷಿಕೆ. ಮುಚ್ಚಳ ತೆಗೆಯುತ್ತಾರೆ, ಹೊಗೆ ಕೊಡುತ್ತಾರೆ, ತುಂಬಿದ ಎರಿಯನ್ನು ಎತ್ತಿ ತೋರಿಸುತ್ತಾರೆ, ಯಂತ್ರದಲ್ಲಿಟ್ಟು ತಿರುಗಿಸಿ ಜೇನು ಇಳಿಸುತ್ತಾರೆ, ಮಕ್ಕಳ ಅಂಗೈಗೆ ಒಂದೊಂದು ತೊಟ್ಟು ಬೀಳುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಕ್ಕಳು ಕಂಡದ್ದು ಜೇನುಕುಟುಂಬದ ವರ್ಷದಲ್ಲಿ ಅತ್ಯಂತ ಸುಲಭವಾದ ಹತ್ತು ವಾರಗಳಲ್ಲಿ ಒಂದು ದಿನವನ್ನು. ಉಳಿದ ತಿಂಗಳುಗಳಲ್ಲಿ ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ, ಅದರಲ್ಲೂ ಕರಾವಳಿಯ ಮಳೆಗಾಲದಲ್ಲಿ ಅವು ಹೇಗೆ ಉಳಿಯುತ್ತವೆ ಎಂಬುದು ಅವರಿಗೆ ತಿಳಿಯುವುದಿಲ್ಲ. ಈ ನಗರದ ಮಗುವೊಂದು ಜೇನು ಸಾಕುವುದಾದರೆ ಮಳೆಗಾಲವನ್ನು ಬಿಟ್ಟು ಸಾಕಬಾರದು ಎಂಬುದು ನನ್ನ ವಾದ. ಎಷ್ಟು ಬಾಟಲಿ ಜೇನು ಸಿಕ್ಕಿತು ಎಂದು ಕೇಳುವ ಮೊದಲು, ಜುಲೈ ಮತ್ತು ಆಗಸ್ಟ್ ದಾಟಿ ಕುಟುಂಬ ಬದುಕಿ ಬಂತೇ ಎಂದು ಕೇಳಬೇಕು. ಈ ಕೆಲಸದಲ್ಲಿ ಕಲಿಯುವಂಥದ್ದು ಬಹುಪಾಲು ಇರುವುದು ಆ ತಿಂಗಳುಗಳಲ್ಲೇ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ನಮ್ಮ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನು ಜಡಿಮಳೆಯಲ್ಲಿ ಹಾರುವುದಿಲ್ಲ. ಮಳೆ ಹೊಳವಾದಾಗ ಹೊರಗೆ ಬಿದ್ದರೂ ಹೂಗಳ ಮಕರಂದ ತೊಳೆದು ಹೋಗಿರುತ್ತದೆ, ಪರಾಗ ತೊಯ್ದು ಮುದ್ದೆಯಾಗಿರುತ್ತದೆ. ಒಳಗೆ ರಾಣಿ ಮೊಟ್ಟೆಯಿಡುವುದನ್ನು ಕಡಿಮೆ ಮಾಡುತ್ತಾಳೆ. ಆಹಾರ ತೀರಾ ಕಡಿಮೆಯಾದರೆ ಕೆಲಸಗಾರ ನೊಣಗಳು ಗಂಡು ನೊಣಗಳನ್ನು ಹೊರದಬ್ಬುತ್ತವೆ. ನೊಣಗಳ ಸಂಖ್ಯೆ ಇಳಿದಂತೆ ಎರಿಯ ಅಂಚುಗಳು ಖಾಲಿ ಬೀಳುತ್ತವೆ, ಖಾಲಿ ಬಿದ್ದ ಎರಿಗೆ ಮೇಣದ ಹುಳು ಹತ್ತುತ್ತದೆ. ಇನ್ನೂ ಹಸಿವಾದರೆ ತುಡುವೆ ಪೆಟ್ಟಿಗೆಯನ್ನೇ ಬಿಟ್ಟು ಹಾರಿಹೋಗುತ್ತದೆ.

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳುವರ ಆಟಿ ತಿಂಗಳು ಹಿಂದೆ ಮನುಷ್ಯರಿಗೂ ಇಂಥದ್ದೇ ಅಭಾವದ ತಿಂಗಳಾಗಿತ್ತು. ಗದ್ದೆಯಲ್ಲಿ ಬೆಳೆ ಇನ್ನೂ ಎಳೆಯದು, ಕಣಜ ಬರಿದು, ಹೊರಗೆ ಹೋಗಿ ದುಡಿಯಲು ಮಳೆ ಬಿಡದು. ಆಗ ತಿಂದದ್ದು ಕೆಸುವಿನ ಎಲೆ, ತಜಂಕಿನ ಸೊಪ್ಪು, ಬೇಸಿಗೆಯಲ್ಲಿ ಉಪ್ಪುನೀರಿನ ಭರಣಿಗೆ ಹಾಕಿಟ್ಟ ಹಲಸಿನ ತೊಳೆ. ಇವತ್ತು ನಗರದ ಸಭಾಂಗಣಗಳಲ್ಲಿ ನಡೆಯುವ ‘ಆಟಿಡೊಂಜಿ ದಿನ’ದ ಊಟದ ಸಾಲಿನಲ್ಲಿ ಅದೇ ಕೆಸುವಿನ ಪತ್ರೊಡೆ, ಅದೇ ತಜಂಕಿನ ಅಂಬಡೆ ಇರುತ್ತವೆ. ಹಸಿವು ಮಾತ್ರ ಇಲ್ಲ, ಇಲ್ಲದಿರುವುದು ಒಳ್ಳೆಯದೇ. ಆದರೆ ಆಟಿ ಎಂದರೆ ಏನಾಗಿತ್ತು ಎಂದು ಈಗಿನ ಮಗುವಿಗೆ ಹೇಳುವುದು ಕಷ್ಟ. ಆಟಿಯ ಹಸಿವು ಇನ್ನೂ ನಿಜವಾಗಿಯೇ ಉಳಿದಿರುವ ಜಾಗಗಳಲ್ಲಿ ಜೇನುಪೆಟ್ಟಿಗೆ ಒಂದು. ಭರಣಿಯ ಹಲಸಿನ ತೊಳೆ ಮನೆಯವರಿಗೆ ಏನಾಗಿತ್ತೋ, ಎರಿಯ ಮೇಲಂಚಿನಲ್ಲಿ ಮೇಣದ ಮುಚ್ಚಳ ಹಾಕಿಟ್ಟ ಏಪ್ರಿಲ್ ತಿಂಗಳ ಜೇನು ಕುಟುಂಬಕ್ಕೆ ಅದೇ ಆಗಿರುತ್ತದೆ.

ಜೇನಿನ ಬಗ್ಗೆ ಮಕ್ಕಳಿಗೆ ಸಿಗುವ ಪುಸ್ತಕ, ವಿಡಿಯೊಗಳು ಹೆಚ್ಚಿನವು ಚಳಿದೇಶಗಳಿಂದ ಬಂದವು. ಅವುಗಳಲ್ಲಿ ಕಷ್ಟದ ಕಾಲ ಎಂದರೆ ಹಿಮ ಬೀಳುವ ತಿಂಗಳುಗಳು, ಹೂವಿನ ಕಾಲ ಎಂದರೆ ಅಲ್ಲಿಯ ವಸಂತ. ವಿಶ್ವ ಜೇನು ದಿನವನ್ನೇ ನೋಡಿ. ಸ್ಲೊವೇನಿಯಾದ ಆಂಟನ್ ಯಾನ್ಶಾ ಎಂಬ ಜೇನುಗುರು 1734ರ ಮೇ 20ರಂದು ಹುಟ್ಟಿದರೆಂದು, ಆ ದೇಶದ ಒತ್ತಾಯದಿಂದ ವಿಶ್ವಸಂಸ್ಥೆ 2017ರಲ್ಲಿ ಆ ದಿನವನ್ನು ಗೊತ್ತುಮಾಡಿತು. ಮೇ 20ಕ್ಕೆ ಸ್ಲೊವೇನಿಯಾದಲ್ಲಿ ಹೂವಿನ ಭರಾಟೆ. ನಮ್ಮಲ್ಲಿ ಅದು ಪತ್ತನಾಜೆಗೆ ಕೆಲವೇ ದಿನಗಳಿರುವ ಹೊತ್ತು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ, ನೇಮ ಕೋಲಗಳು ನಿಲ್ಲುವ ಕಾಲ. ಜೇನಿನ ಹಂಗಾಮೂ ಅದರೊಂದಿಗೇ ಮುಗಿಯುತ್ತದೆ. ಕುಟುಂಬ ಪಾಲಾಗುವ ಕಾಲವೂ ಹಾಗೆಯೇ: ಪುಸ್ತಕದಲ್ಲಿ ಅದು ವಸಂತ, ಇಲ್ಲಿ ಮಳೆ ಮುಗಿದ ಮೇಲಿನ ತಿಂಗಳುಗಳು. ಒಂದು ವರ್ಷ ಪೆಟ್ಟಿಗೆಯ ಬಳಿ ನಿಂತ ಮಗುವಿಗೆ ಪುಸ್ತಕ ಹೇಳುವುದಕ್ಕೂ ಕಣ್ಣು ಕಾಣುವುದಕ್ಕೂ ನಡುವಿನ ಈ ವ್ಯತ್ಯಾಸ ತಾನಾಗಿಯೇ ಸಿಗುತ್ತದೆ. ಪುಸ್ತಕ ಸುಳ್ಳಲ್ಲ, ಬೇರೆ ಊರಿನದು. ಇದನ್ನು ಹತ್ತು ವರ್ಷದ ಮಗು ತನ್ನ ಕಣ್ಣಿನಿಂದಲೇ ಕಂಡುಕೊಂಡರೆ, ಮುಂದೆ ಯಾವ ಪುಸ್ತಕವನ್ನು ಓದುವಾಗಲೂ ಆ ಎಚ್ಚರ ಜೊತೆಗಿರುತ್ತದೆ.

ಈಗ ವಾದದ ತಿರುಳಿಗೆ ಬರುತ್ತೇನೆ. ದುಡಿಮೆ ಜೋರಾಗಿರುವ ಕಾಲದಲ್ಲಿ ಕೆಲಸಗಾರ ನೊಣದ ಆಯಸ್ಸು ಸುಮಾರು ಆರು ವಾರ. ಹುಟ್ಟಿದ ಮೊದಲ ದಿನಗಳಲ್ಲಿ ಕೋಶ ಚೊಕ್ಕಟ ಮಾಡುತ್ತದೆ, ಆಮೇಲೆ ಮರಿಗಳಿಗೆ ಉಣಿಸುತ್ತದೆ, ಮೇಣ ಸುರಿಸಿ ಎರಿ ಕಟ್ಟುತ್ತದೆ, ಬಾಗಿಲು ಕಾಯುತ್ತದೆ, ಕೊನೆಯ ವಾರಗಳಲ್ಲಷ್ಟೇ ಹೂವಿಗೆ ಹಾರುತ್ತದೆ. ಎಂದರೆ ಏಪ್ರಿಲ್‌ನಲ್ಲಿ ನೇರಳೆ, ಹೊಂಗೆಗಳಿಂದ ಮಕರಂದ ತಂದ ನೊಣ ಜುಲೈಯಲ್ಲಿ ಬದುಕಿರುವುದಿಲ್ಲ. ತಾನು ಎಂದೂ ತಿನ್ನದ ಜೇನನ್ನು, ತಾನು ಎಂದೂ ಕಾಣದ ನೊಣಗಳಿಗಾಗಿ ಅದು ಕೂಡಿಸಿಡುತ್ತದೆ. ಇನ್ನೊಂದು ಸಂಗತಿ ಇದಕ್ಕೆ ಸೇರಬೇಕು: ಆ ಕೂಡಿಟ್ಟದ್ದರಲ್ಲಿ ನಾವು ಪಾಲು ಕೇಳುತ್ತೇವೆ. ಮೇ ತಿಂಗಳಲ್ಲಿ ಎಷ್ಟು ತೆಗೆಯಬೇಕು ಎಂಬ ಪ್ರಶ್ನೆಗೆ ಉತ್ತರ ಇರುವುದು ಜುಲೈಯಲ್ಲಿ. ಮಳೆಗಾಲದಲ್ಲಿ ಪೆಟ್ಟಿಗೆ ನೋಡದ ಮಗುವಿಗೆ ಕೊಯ್ಲೆಂದರೆ ಬರೀ ಸಂಭ್ರಮ. ಒಂದು ಆಟಿ ಕಳೆದ ಮಗುವಿಗೆ ಮಾತ್ರ ಅದು ಲೆಕ್ಕಾಚಾರ. ಮೇಲಿನ ಜೇನುಕೋಣೆಯ ಎರಿಯಷ್ಟನ್ನೇ ಮುಟ್ಟುವುದು, ಕೆಳಗಿನ ಸಂಸಾರಕೋಣೆಯ ಅಂಚಿನಲ್ಲಿರುವುದನ್ನು ಕುಟುಂಬಕ್ಕೇ ಬಿಡುವುದು ಎಂಬ ಸಾಕುವವರ ನಿಯಮ ಆ ಮಗುವಿಗೆ ಬಾಯಿಪಾಠದ ನಿಯಮವಾಗಿ ಉಳಿಯುವುದಿಲ್ಲ. ಕೊನೆಯ ಕೊಯ್ಲಿನ ದಿನ ದೊಡ್ಡವರು ಇನ್ನೊಂದು ಚೌಕಟ್ಟಿಗೆ ಕೈಹಾಕಿದರೆ, ಬೇಡ ಎನ್ನಲು ಅದಕ್ಕೆ ಕಾರಣ ಗೊತ್ತಿರುತ್ತದೆ.

ಸಕ್ಕರೆ ಪಾಕ ಕೊಟ್ಟರಾಯಿತಲ್ಲ, ಅಷ್ಟು ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ಪಾಕ ಕೊಡಲೇಬೇಕಾಗುತ್ತದೆ, ಕರಾವಳಿಯಲ್ಲಿ ಪೆಟ್ಟಿಗೆ ಇಟ್ಟವರು ಯಾರೂ ಅದನ್ನು ತಪ್ಪಿಸಲಾರರು. ಸಮಪ್ರಮಾಣದ ಸಕ್ಕರೆ, ನೀರು ಕಾಯಿಸಿ ಆರಿಸಿ, ಮುಸ್ಸಂಜೆ ಹೊತ್ತಿಗೆ ಪೆಟ್ಟಿಗೆಯ ಒಳಗೇ ಇಡಬೇಕು. ಹಗಲಲ್ಲಿಟ್ಟರೆ, ಹೊರಗೆ ಚೆಲ್ಲಿದರೆ, ಬೇರೆ ಕುಟುಂಬದ ನೊಣಗಳು ವಾಸನೆ ಹಿಡಿದು ದರೋಡೆಗೆ ಬರುತ್ತವೆ. ಬಡಕಲು ಕುಟುಂಬ ಒಂದೇ ದಿನದಲ್ಲಿ ನಾಶವಾಗಬಹುದು. ಪಾಕದೊಳಗೆ ಮುಳುಗಿ ಸಾಯದಂತೆ ಕಡ್ಡಿಗಳನ್ನೋ ಒಣ ಹುಲ್ಲನ್ನೋ ತೇಲಿಸಬೇಕು. ಇದು ಮಗುವಿನ ಕೈಯಿಂದಲೇ ಆಗುವ ಕೆಲಸ, ವಾರವಾರ ತಪ್ಪದೆ ಆಗಬೇಕಾದ ಕೆಲಸ. ಆದರೆ ಸಕ್ಕರೆಯಿಂದ ಬರುವುದು ಬರೀ ಕಸುವು. ಮರಿ ಬೆಳೆಯಲು ಪರಾಗವೇ ಬೇಕು. ಹಾಗಾಗಿ ಮಳೆಯ ನಡುವೆ ಬಿಸಿಲು ಬಿದ್ದ ಒಂದು ಗಂಟೆಯಲ್ಲಿ ಬಾಗಿಲಿಗೆ ಮರಳುವ ನೊಣಗಳ ಹಿಂಗಾಲಿನಲ್ಲಿ ಪರಾಗದ ಉಂಡೆ ಇದೆಯೇ ಎಂದು ನೋಡುವುದು ಪಾಕ ಕೊಡುವುದಕ್ಕಿಂತಲೂ ಮುಖ್ಯ. ಪರಾಗ ಬರುತ್ತಿದ್ದರೆ ಒಳಗೆ ಮರಿ ಇದೆ, ರಾಣಿ ಮೊಟ್ಟೆಯಿಡುತ್ತಿದ್ದಾಳೆ ಎಂದು ಬಹುಮಟ್ಟಿಗೆ ಊಹಿಸಬಹುದು. ಮಳೆಗಾಲದಲ್ಲಿ ಪದೇಪದೇ ಮುಚ್ಚಳ ತೆರೆದರೆ ಕುಟುಂಬಕ್ಕೆ ತೊಂದರೆ. ಮುಚ್ಚಳ ತೆರೆಯದೆ, ಬಾಗಿಲನ್ನಷ್ಟೇ ನೋಡಿ ಒಳಗಿನದನ್ನು ತಿಳಿಯುವುದು ಈ ಕಾಲದ ವಿದ್ಯೆ. ಜಿಲ್ಲಾಧಿಕಾರಿಗಳು ಮಳೆಗೆ ಶಾಲೆಗಳಿಗೆ ರಜೆ ಸಾರುವ ದಿನಗಳು ಈ ಜಿಲ್ಲೆಯ ಮಕ್ಕಳಿಗೆ ಪ್ರತಿ ವರ್ಷ ಸಿಗುತ್ತವೆ. ಮಳೆ ನಿಂತ ಎಷ್ಟು ನಿಮಿಷಕ್ಕೆ ಮೊದಲ ನೊಣ ಹೊರಬಿತ್ತು, ಎಷ್ಟು ಹೊತ್ತಿಗೆ ಮರಳಿತು, ಕಾಲಿನಲ್ಲಿ ಏನಿತ್ತು ಎಂದು ಬರೆದಿಡಲು ಅದಕ್ಕಿಂತ ತಕ್ಕ ದಿನ ಇಲ್ಲ.

ಪೇಟೆಯಲ್ಲಿ ಹೂವೆಲ್ಲಿದೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇದಕ್ಕೆ ಉತ್ತರ ಕೊಡಬೇಕಾದರೆ ತುಡುವೆ ಎಷ್ಟು ದೂರ ಹೋಗುತ್ತದೆ ಎಂದು ತಿಳಿದಿರಬೇಕು. ಹೂವು ಕಂಡು ಬಂದ ನೊಣ ಎರಿಯ ಮೇಲೆ ಸೊಂಟ ಅಲುಗಿಸುತ್ತ ನೇರ ಓಡಿ, ತಿರುಗಿ ಬಂದು ಮತ್ತೆ ಓಡುವ ಕುಣಿತದಲ್ಲಿ ದಿಕ್ಕು, ದೂರ ಎರಡನ್ನೂ ಜೊತೆಯವರಿಗೆ ಹೇಳುತ್ತದೆ. ಓಟ ಎಷ್ಟು ಹೊತ್ತಿನದೋ ದೂರ ಅಷ್ಟು. ನೇರ ಮೇಲ್ಮುಖದ ಗೆರೆಯಿಂದ ಓಟ ಎಷ್ಟು ಓರೆಯೋ ಸೂರ್ಯನ ದಿಕ್ಕಿನಿಂದ ಹೂವು ಅಷ್ಟು ಓರೆ. ಇದನ್ನು ಬಿಡಿಸಿ ಓದಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಬೆಂಗಳೂರಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತುಡುವೆ, ಕೋಲುಜೇನು, ಹೆಜ್ಜೇನುಗಳ ಕುಣಿತವನ್ನು ಹೋಲಿಸಿ, ಹೆಚ್ಚು ದೂರ ಹಾರುವ ಜಾತಿಗೂ ಕಡಿಮೆ ದೂರ ಹಾರುವ ಜಾತಿಗೂ ಕುಣಿತದ ನುಡಿಗಟ್ಟು ಬೇರೆ ಬೇರೆ ಎಂದು ತೋರಿಸಿತು. ಅದರಲ್ಲಿ ತುಡುವೆ ಹತ್ತಿರದ್ದೇ ಗಿರಾಕಿ: ಅದರ ಸಂಚಾರ ಬಹುಮಟ್ಟಿಗೆ ಒಂದು ಕಿಲೋಮೀಟರಿನ ಆಸುಪಾಸಿನಲ್ಲೇ. ಹಾಗಿದ್ದರೆ ಕದ್ರಿಯಲ್ಲಿಟ್ಟ ಪೆಟ್ಟಿಗೆಯ ಲೋಕ ಎಂದರೆ ಕದ್ರಿ ಪಾರ್ಕು, ದೇವಸ್ಥಾನದ ಗುಡ್ಡ, ಮಲ್ಲಿಕಟ್ಟೆ, ಬಿಜೈ ಕಡೆಯ ಕೆಲವು ಕಂಪೌಂಡುಗಳು, ನಡುವೆ ಹಾದುಹೋಗುವ ಹೆದ್ದಾರಿ. ಮೂರು ಚದರ ಕಿಲೋಮೀಟರು. ಇದನ್ನು ಒಂದು ಮಗು ನಡೆದೇ ಸುತ್ತಬಹುದು.

ಸುತ್ತಿದರೆ ಏನು ಕಾಣುತ್ತದೆ? ಮಂಗಳೂರು ಇಷ್ಟು ಬೆಳೆದರೂ ಹಂಚಿನ ಮನೆಗಳ ಹಿತ್ತಲು ಇನ್ನೂ ಪೂರ್ತಿ ಹೋಗಿಲ್ಲ. ತೆಂಗು ಇಲ್ಲದ ಕಂಪೌಂಡು ಅಪರೂಪ. ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ, ಮಳೆಗಾಲದಲ್ಲೂ ನಿಲ್ಲಿಸುವುದಿಲ್ಲ. ಆಟಿಯಲ್ಲಿ ಪೇಟೆಯ ಪೆಟ್ಟಿಗೆಗೆ ದೊಡ್ಡ ಆಸರೆ ಅದೇ. ಖಾಲಿ ಸೈಟಿನಲ್ಲಿ ಹಬ್ಬಿದ, ಎಲ್ಲರೂ ಕಳೆ ಎಂದು ಕಿತ್ತೆಸೆಯುವ ನಾಚಿಕೆಮುಳ್ಳು ಮಳೆಯಲ್ಲಿ ಪರಾಗ ಕೊಡುತ್ತದೆ. ನುಗ್ಗೆ, ಬಾಳೆ, ಮಾವು, ನೇರಳೆ, ಗುಡ್ಡದ ಅಂಚಿನ ಗೇರು, ನೇತ್ರಾವತಿ ಮತ್ತು ಗುರುಪುರ ನದಿಯ ದಂಡೆಯಲ್ಲಿ ಉಳಿದ ಕಾಂಡ್ಲಾ ಗಿಡಗಳು ಸೇರಿದರೆ ಪಟ್ಟಿ ಸಣ್ಣದೇನಲ್ಲ. ರಬ್ಬರಿನ ಏಕತಾನದ ತೋಪಿನ ನಡುವಿನ ಪೆಟ್ಟಿಗೆಗೆ ಎಲೆ ಚಿಗುರುವ ಕೆಲವು ವಾರ ಬಿಟ್ಟರೆ ಇಷ್ಟು ಬಗೆ ಸಿಗುವುದಿಲ್ಲ. ಆಕ್ಷೇಪದಲ್ಲಿ ನಿಜವೂ ಇದೆ. ಹಿತ್ತಲಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಬಂದರೆ ತೆಂಗಿನ ಬದಲು ಬರುವುದು ಅಲಂಕಾರದ ತಾಳೆ, ನೇರಳೆಯ ಬದಲು ಜೇನಿಗೆ ಹೆಚ್ಚು ಉಪಯೋಗವಿಲ್ಲದ ಬೋಗನ್‌ವಿಲ್ಲಾ. ಈ ಬದಲಾವಣೆಯನ್ನು ಅಂಕಿ ಸಮೇತ ಬರೆದಿಡಬಲ್ಲವರು ಯಾರು? ಒಂದು ಕಿಲೋಮೀಟರಿನ ವೃತ್ತ ಎಳೆದು, ಅದರೊಳಗಿನ ಮರಗಳನ್ನು ನಕ್ಷೆಯಲ್ಲಿ ಗುರುತಿಸಿ, ಯಾವುದು ಯಾವ ತಿಂಗಳು ಹೂಬಿಟ್ಟಿತು, ಯಾವುದನ್ನು ಈ ವರ್ಷ ಕಡಿದರು ಎಂದು ದಾಖಲಿಸುವ ಶಾಲಾಮಕ್ಕಳೇ ಬಲ್ಲರು. ಪೇಟೆಯ ಮರಗಣತಿಯ ಬಗ್ಗೆ ಮಾತಾಡುವವರಿಗೆ ಅಂಥ ನಕ್ಷೆ ಬೇಕಾಗಿದೆ.

ಮಂಗಳೂರಿನಲ್ಲಿ ಪೆಟ್ಟಿಗೆ ಇಡುವವರು ಮರೆಯಬಾರದ ಇನ್ನೊಂದು ಮಾತು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿಡುವುದು ಎಲ್ಲ ಕಡೆಯ ರೂಢಿ. 1990ರ ದಶಕದಿಂದ ಮಲೇರಿಯಾ ಕಾಡಿದ, ಈಗ ಪ್ರತಿ ಮಳೆಗಾಲ ಡೆಂಗಿ ಭಯ ಇರುವ ಈ ನಗರದಲ್ಲಿ ಅದೇ ತಟ್ಟೆ ಸೊಳ್ಳೆಯ ತೊಟ್ಟಿಲಾಗುತ್ತದೆ. ನೀರಿಗೆ ಎಣ್ಣೆ ಬೆರೆಸಬೇಕು, ಇಲ್ಲವೇ ಕಾಲುಗಳಿಗೆ ಗ್ರೀಸು ಬಳಿಯಬೇಕು. ಫಾಗಿಂಗ್ ಯಂತ್ರ ಬೀದಿಗೆ ಬರುವ ಸಂಜೆ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಡಬೇಕು. ಸೊಳ್ಳೆಗೂ ಜೇನಿಗೂ ಒಂದೇ ವಿಷ ಎಂಬುದನ್ನು ಮಗು ತಿಳಿಯುವುದು ಇಂಥ ಸಂಜೆಗಳಲ್ಲಿ.

ಇಷ್ಟೆಲ್ಲ ಯಾಕೆ, ಒಳ್ಳೆಯ ವಿಡಿಯೊ ತೋರಿಸಿದರೆ ಸಾಲದೇ ಎನ್ನುವವರಿಗೆ ಇಂಗ್ಲೆಂಡಿನ ಒಂದು ಹಳ್ಳಿಶಾಲೆಯನ್ನು ತೋರಿಸುತ್ತೇನೆ. ಡೆವನ್ ಪ್ರಾಂತದ ಬ್ಲ್ಯಾಕಾಟನ್ ಪ್ರಾಥಮಿಕ ಶಾಲೆಯ, ಎಂಟರಿಂದ ಹತ್ತು ವರ್ಷದೊಳಗಿನ 25 ಮಕ್ಕಳು ಬೋ ಲೊಟ್ಟೊ ಎಂಬ ನರವಿಜ್ಞಾನಿಯ ಜೊತೆ ಸೇರಿ, ಬಂಬಲ್ ಬೀ ಎಂಬ ರೋಮಭರಿತ ಜೇನುಬಂಧುವಿನ ಮೇಲೆ ಪ್ರಯೋಗ ನಡೆಸಿದರು. ಯಾವ ಹೂವಿಗೆ ಹೋಗಬೇಕೆಂದು ಅದು ಬಣ್ಣ ನೋಡಿ ತೀರ್ಮಾನಿಸುತ್ತದೆಯೇ, ಬಣ್ಣಗಳು ಜೋಡಣೆಗೊಂಡಿರುವ ವಿನ್ಯಾಸವನ್ನೂ ಗಮನಿಸುತ್ತದೆಯೇ ಎಂಬುದು ಪ್ರಶ್ನೆ. ಪ್ರಶ್ನೆ ಕೇಳಿದವರೂ ಮಕ್ಕಳೇ, ಪ್ರಯೋಗದ ಆಟ ರೂಪಿಸಿದವರೂ ಅವರೇ. ಎರಡನ್ನೂ ಬಳಸುತ್ತದೆ ಎಂಬ ಅವರ ಉತ್ತರ ರಾಯಲ್ ಸೊಸೈಟಿಯ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ 2010ರ ಡಿಸೆಂಬರ್‌ನಲ್ಲಿ, ಮಕ್ಕಳೇ ಬಣ್ಣದ ಪೆನ್ಸಿಲಿನಲ್ಲಿ ಬರೆದ ಚಿತ್ರಗಳೊಂದಿಗೆ ಪ್ರಕಟವಾಯಿತು. ಅಲ್ಲಿಯವರೆಗೆ ಯಾರಿಗೂ ತಿಳಿಯದ ಸಂಗತಿಯೊಂದನ್ನು ಅವರು ಕಂಡುಹಿಡಿದಿದ್ದರು. ವಿಡಿಯೊದಲ್ಲಿ ಇರುವುದು ಈಗಾಗಲೇ ಯಾರಿಗೋ ತಿಳಿದದ್ದು. ತುಡುವೆಯ ಮಳೆಗಾಲದ ಬದುಕಿನ ಬಗ್ಗೆ, ಅದರಲ್ಲೂ ಪೇಟೆಯೊಳಗಿನ ತುಡುವೆಯ ಬಗ್ಗೆ, ಕೇಳದೆ ಬಿಟ್ಟ ಪ್ರಶ್ನೆಗಳು ಬೇಕಾದಷ್ಟಿವೆ. ಅವನ್ನು ಕೇಳಲು ದೊಡ್ಡ ಪ್ರಯೋಗಾಲಯ ಬೇಡ. ಗಡಿಯಾರ, ನೋಟುಪುಸ್ತಕ, ಮಳೆಮಾಪಕ ಇದ್ದರೆ ಸಾಕು. ಸುತ್ತಲಿನ ಲೋಕದಿಂದಲೇ ಮಗುವಿನ ಕಲಿಕೆ ಶುರುವಾಗಬೇಕೆಂಬ ಮಾತು ಈ ಜಿಲ್ಲೆಗೆ ಹೊಸದೂ ಅಲ್ಲ. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗ ನಡೆಸುತ್ತಿದ್ದ ಶಿವರಾಮ ಕಾರಂತರು ‘ಬಾಲ ಪ್ರಪಂಚ’ ಹೊರತಂದದ್ದು 1936ರಲ್ಲಿ. ಅವರದೇ ಹೆಸರು ಹೊತ್ತ ನಿಸರ್ಗಧಾಮ ನಗರದಂಚಿನ ಪಿಲಿಕುಳದಲ್ಲಿದೆ.

ಕಚ್ಚುವ ಭಯಕ್ಕೆ ಬರೋಣ. ಹೆತ್ತವರು ಮೊದಲು ಕೇಳುವುದೂ ಇದನ್ನೇ, ಕೇಳಬೇಕಾದದ್ದೂ ಹೌದು. ಜೇನಿನ ಚುಚ್ಚಿಗೆ ಕೆಲವರ ದೇಹ ವಿಪರೀತವಾಗಿ ಪ್ರತಿಕ್ರಿಯಿಸುತ್ತದೆ. ಚುಚ್ಚಿದ ಜಾಗ ಬಾತುಕೊಳ್ಳುವುದು ಸಹಜ. ಆದರೆ ಮೈಯೆಲ್ಲ ದದ್ದು, ತುಟಿ ಗಂಟಲು ಊತ, ಉಸಿರಾಟಕ್ಕೆ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅಂಥ ಅಲರ್ಜಿ ಇರುವ ಮಗುವನ್ನು ಪೆಟ್ಟಿಗೆಯ ಬಳಿ ಬಿಡಲೇಬಾರದು. ಉಳಿದ ಮಕ್ಕಳಿಗೂ ದೊಡ್ಡವರ ಜೊತೆ, ಮುಖಪರದೆ, ತಿಳಿಬಣ್ಣದ ತುಂಬುತೋಳಿನ ಅಂಗಿ ಕಡ್ಡಾಯ. ಹಾರುವ ದಾರಿಗೆ ಅಡ್ಡ ನಿಲ್ಲಬಾರದು. ಮುಳ್ಳು ಚುಚ್ಚಿಕೊಂಡರೆ ಹೇಗಾದರೂ ಸರಿ, ಬೇಗ ಕಿತ್ತು ತೆಗೆಯಬೇಕು. ತಡವಾದಷ್ಟೂ ವಿಷ ಇಳಿಯುತ್ತದೆ. ಅಪಾಯದ ಸಂಕೇತವಾಗಿ ಜೇನು ಹೊರಸೂಸುವ ರಾಸಾಯನಿಕದ ವಾಸನೆ ಮಾಗಿದ ಬಾಳೆಹಣ್ಣಿನದ್ದೇ ಆದ್ದರಿಂದ ಬಾಳೆಹಣ್ಣು ತಿಂದು ಪೆಟ್ಟಿಗೆ ತೆರೆಯಬಾರದು. ಇಷ್ಟು ಎಚ್ಚರದೊಂದಿಗೆ ಹೇಳಬೇಕಾದದ್ದು, ಪೇಟೆಯ ಜನರ ಭಯಕ್ಕೆ ಮೂಲ ತುಡುವೆಯಲ್ಲ, ಹೆಜ್ಜೇನು. ಬಂಡೆ, ಹೆಮ್ಮರಗಳಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಹೆಜ್ಜೇನಿಗೆ ನಗರದ ಬಹುಮಹಡಿ ಕಟ್ಟಡವೂ ನೀರಿನ ಟ್ಯಾಂಕೂ ಬಂಡೆಯೇ. ಕೆಣಕಿದರೆ ಅದು ಹಿಂಡಾಗಿ ಬೆನ್ನಟ್ಟುತ್ತದೆ. ಪತ್ರಿಕೆಗಳಲ್ಲಿ ಓದುವ ದಾಳಿಗಳು ಅದರವು. ಬೇಲಿಯ ಕೊಂಬೆಯಲ್ಲಿ ಅಂಗೈಯಗಲದ ಎರಿ ತೂಗಿಸುವ ಕೋಲುಜೇನು, ಪೆಟ್ಟಿಗೆಯೊಳಗಿನ ತುಡುವೆ, ಚುಚ್ಚುಮುಳ್ಳೇ ಇಲ್ಲದ ಮುಜಂಟಿ ಎಲ್ಲವೂ ಜನರ ಮಾತಿನಲ್ಲಿ ಒಂದೇ ‘ಜೇನು’ ಆಗಿ, ಎಲ್ಲಕ್ಕೂ ಬೆಂಕಿ ಇಲ್ಲವೇ ಔಷಧಿ ಸಿಂಪಡಣೆ ಎಂಬಂತಾಗಿದೆ. ಈ ನಾಲ್ಕನ್ನು ಬೇರ್ಪಡಿಸಿ ಗುರುತಿಸಬಲ್ಲ ಮಗು ಒಂದಿದ್ದರೆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಚರ್ಚೆಯ ದಾರಿಯೇ ಬದಲಾಗುತ್ತದೆ.

ಸಣ್ಣ ಮಕ್ಕಳಿಗೆ ಮುಜಂಟಿಯೇ ಸರಿ. ಹಳೆಯ ಕೆಂಪುಕಲ್ಲಿನ ಗೋಡೆಯ ಸಂದಿಯಲ್ಲಿ, ಮೇಣ ಮತ್ತು ಮರದ ಅಂಟಿನಿಂದ ಮಾಡಿದ ಪುಟ್ಟ ಕೊಳವೆ ಹೊರಚಾಚಿದ್ದರೆ ಅದು ಮುಜಂಟಿಯ ಬಾಗಿಲು. ಅದು ಆರುಮೂಲೆಯ ಎರಿಯಲ್ಲಿ ಜೇನು ಕೂಡಿಡುವುದಿಲ್ಲ, ಪುಟ್ಟಪುಟ್ಟ ಮಡಕೆಗಳಲ್ಲಿ ಇಡುತ್ತದೆ. ಸಿಗುವ ಜೇನು ಅತ್ಯಲ್ಪ, ಹುಳಿಮಿಶ್ರಿತ ರುಚಿ, ಮದ್ದಿಗೆಂದು ಹೆಚ್ಚು ಬೆಲೆ. ಹಂಚಿನ ಮನೆ ಕೆಡವುವಾಗ ಗೋಡೆಯ ಜೊತೆ ಈ ಕುಟುಂಬವೂ ಮಣ್ಣುಪಾಲಾಗುತ್ತದೆ. ಕೆಡವುವ ಮೊದಲು ತಿಳಿದವರನ್ನು ಕರೆಸಿ ಮರದ ಸಣ್ಣ ಪೆಟ್ಟಿಗೆಗೋ ಬಿದಿರಿನ ಅಂಡೆಗೋ ಸ್ಥಳಾಂತರಿಸಿದರೆ ಎಂಟು ವರ್ಷದ ಮಗುವೂ ಮುಖಪರದೆ ಇಲ್ಲದೆ ಅದರ ಮುಂದೆ ಗಂಟೆಗಟ್ಟಲೆ ಕೂರಬಹುದು.

ಇನ್ನೊಂದು ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಇಷ್ಟೆಲ್ಲ ಮಾಡಿಯೂ ತುಡುವೆ ಹಾರಿಹೋಗಬಹುದು, ಸಾಯಬಹುದು. ಸೋತೆನೆಂಬ ನೋವನ್ನು ಮಗುವಿನ ಮೇಲೆ ಹೇರಬೇಕೇ? 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ಹಬ್ಬಿದಾಗ ಕರ್ನಾಟಕ, ಕೇರಳ, ತಮಿಳುನಾಡುಗಳ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಕೋಶದೊಳಗೆ ಮರಿಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತಿದ್ದವು, ಮದ್ದಿರಲಿಲ್ಲ. ದಕ್ಷಿಣ ಕನ್ನಡ, ಕೊಡಗಿನ ಮನೆಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ತಡೆದುಕೊಂಡು ಉಳಿದ ಕುಟುಂಬಗಳಿಂದ, ಕಾಡಿನಲ್ಲಿ ಬದುಕಿದ್ದವುಗಳಿಂದ, ಜೇನುಕೃಷಿ ವರ್ಷಗಟ್ಟಲೆ ಹಿಡಿದು ಮೆಲ್ಲಗೆ ಮತ್ತೆ ಎದ್ದಿತು. ಆಗ ಕಳೆದುಕೊಂಡವರು ಅನುಭವಿಗಳೇ. ಅವರ ತಪ್ಪೇನೂ ಇರಲಿಲ್ಲ. ಹಾಗಾಗಿ ಪೆಟ್ಟಿಗೆ ಬರಿದಾದರೆ ಮಗು ಅದನ್ನು ತನ್ನ ಸೋಲೆಂದು ಎಣಿಸದಂತೆ ನೋಡಿಕೊಳ್ಳುವುದು ದೊಡ್ಡವರ ಕೆಲಸ. ಅದಕ್ಕೆ ದಾರಿ, ಏನಾಯಿತೆಂದು ಜೊತೆಗೆ ಕೂತು ಹುಡುಕುವುದು: ಎರಿಯಲ್ಲಿ ಆಹಾರ ಉಳಿದಿತ್ತೇ, ಸತ್ತ ಮರಿ ಹೇಗಿತ್ತು, ಮೇಣದ ಹುಳು ಮೊದಲು ಬಂತೇ ಆಮೇಲೆ ಬಂತೇ, ನೋಟುಪುಸ್ತಕದಲ್ಲಿ ಪರಾಗ ನಿಂತದ್ದು ಯಾವ ದಿನ. ಅಂಕಪಟ್ಟಿಯ ಸೋಲಿಗೆ ಇಂಥ ತನಿಖೆಯ ಅವಕಾಶ ಸಿಗುವುದಿಲ್ಲ. ನೋವು ನಿಜ, ಅದನ್ನು ಬೇಡವೆನ್ನಲಾಗದು. ಆದರೆ ನೋವಾಗಬಾರದೆಂದು ಜೀವಿಗಳ ಆರೈಕೆಯಿಂದಲೇ ಮಕ್ಕಳನ್ನು ದೂರವಿಟ್ಟರೆ ಕಳೆದುಕೊಳ್ಳುವುದು ಇನ್ನೂ ದೊಡ್ಡದು.

ಹೊಸಬರು ಮಳೆಗಾಲದಲ್ಲಿ ಶುರುಮಾಡಬಾರದು, ಅಕ್ಟೋಬರ್ ಕಳೆದ ಮೇಲೆ ಕುಟುಂಬ ತರಬೇಕು ಎಂದು ಜೇನು ಸಾಕುವವರು ಹೇಳುತ್ತಾರೆ. ಅದು ಸರಿ, ಅದನ್ನು ಮೀರಿ ಎಂದು ನಾನು ಹೇಳುತ್ತಿಲ್ಲ. ಮೊದಲ ಪೆಟ್ಟಿಗೆ ಅಕ್ಟೋಬರ್ ಕಳೆದ ಮೇಲೆಯೇ ಬರಲಿ. ಆದರೆ ಮೇ ತಿಂಗಳ ಕೊಯ್ಲಿಗೆ ಕೆಲಸ ಮುಗಿಯಿತೆಂದು ಪ್ರಮಾಣಪತ್ರ ಹಂಚಬಾರದು, ಮುಂದಿನ ಸೆಪ್ಟೆಂಬರ್‌ವರೆಗೆ ಅದೇ ಮಕ್ಕಳು ನೋಡಿಕೊಳ್ಳಬೇಕು. ಪೆಟ್ಟಿಗೆ ಈಗಾಗಲೇ ಇರುವ ಶಾಲೆಯಲ್ಲಿ ವ್ಯವಸ್ಥೆ ಇನ್ನೂ ಸುಲಭ. ಶಾಲೆ ತೆರೆಯುವುದು ಮೇ ಕೊನೆಗೆ, ಮಳೆ ಹಿಡಿಯುವುದು ಜೂನ್ ಮೊದಲಿಗೆ. ಮೇಲಿನ ತರಗತಿಯವರು ಕೆಳಗಿನವರಿಗೆ ಪಾಕದ ತಟ್ಟೆ, ನೋಟುಪುಸ್ತಕ ಎರಡನ್ನೂ ವಹಿಸಿಕೊಡಲು ಅದೇ ತಕ್ಕ ಹೊತ್ತು. ನಮ್ಮ ಶೈಕ್ಷಣಿಕ ವರ್ಷ ಮತ್ತು ತುಡುವೆಯ ವರ್ಷ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದನ್ನು ಶಾಲೆಗಳು ಇನ್ನೂ ಬಳಸಿಕೊಂಡಿಲ್ಲ. ಸಲಹೆಗೆ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ತೋಟಗಾರಿಕೆ ಇಲಾಖೆ ಇದೆ, ಪುತ್ತೂರಿನಲ್ಲಿ ಜೇನು ವ್ಯವಸಾಯಗಾರರ ಸಹಕಾರ ಸಂಘ ಇದೆ. ಪೆಟ್ಟಿಗೆಯೂ ಮಗುವಿನ ಅಳತೆಗೆ ಒಗ್ಗುವಂಥದ್ದೇ: ತುಡುವೆಗೆಂದು 1910ರ ಆಸುಪಾಸಿನಲ್ಲಿ ತಮಿಳುನಾಡಿನಲ್ಲಿ ಫಾದರ್ ನ್ಯೂಟನ್ ಎಂಬ ಜೆಸ್ವಿಟ್ ಪಾದ್ರಿ ರೂಪಿಸಿದ ನ್ಯೂಟನ್ ಪೆಟ್ಟಿಗೆಯ ಚೌಕಟ್ಟು ಚಿಕ್ಕದು, ಹಗುರ.

ಮಕ್ಕಳು ಪೆಟ್ಟಿಗೆ ಇಟ್ಟರೆ ಜೇನು ಸಂತತಿ ಉಳಿಯುತ್ತದೆ ಎಂಬ ಉತ್ಸಾಹದ ಮಾತನ್ನು ನಾನು ಆಡಲಾರೆ. ಶಾಲೆಗೊಂದು ಪೆಟ್ಟಿಗೆ ಎಂದು ಆದೇಶ ಹೊರಟು, ಅಷ್ಟಕ್ಕೂ ಕುಟುಂಬಗಳನ್ನು ಕಾಡಿನ ಮರದ ಪೊಟರೆಗಳಿಂದ ಹಿಡಿದು ತಂದು ಮಾರಿದರೆ, ಅವು ಮುಂದಿನ ಆಟಿಯಲ್ಲಿ ಪೇಟೆಯಲ್ಲಿ ಸತ್ತರೆ, ಆದದ್ದು ಕೇಡು. ಇದಕ್ಕಿರುವ ಉತ್ತರವೂ ಮಳೆಗಾಲ ದಾಟಿದ ಪೆಟ್ಟಿಗೆಯಲ್ಲೇ ಇದೆ. ಸೆಪ್ಟೆಂಬರ್ ಕೊನೆಗೆ ಬಿಸಿಲು ಬಂದಂತೆ ರಾಣಿ ಮತ್ತೆ ಮೊಟ್ಟೆ ಹೆಚ್ಚಿಸುತ್ತಾಳೆ, ದಸರಾ ರಜೆಯ ಹೊತ್ತಿಗೆ ಹೊಸ ಎರಿ ಏಳುತ್ತದೆ, ಗಂಡು ನೊಣಗಳು ಕಾಣಿಸಿಕೊಳ್ಳುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ಎರಿಯ ಕೆಳತುದಿಯಲ್ಲಿ ಶೇಂಗಾದ ಆಕಾರದ ರಾಣಿಕೋಶ ಇಳಿಯುತ್ತದೆ. ಹಾಗೇ ಬಿಟ್ಟರೆ ಹಳೆಯ ರಾಣಿ ಅರ್ಧ ನೊಣಗಳೊಂದಿಗೆ ಹಾರಿಹೋಗುತ್ತಾಳೆ. ಅದಕ್ಕೆ ಮೊದಲೇ ರಾಣಿಕೋಶವಿರುವ ಎರಡು ಮೂರು ಚೌಕಟ್ಟುಗಳನ್ನು ಇನ್ನೊಂದು ಪೆಟ್ಟಿಗೆಗೆ ಇಳಿಸಿ ಕುಟುಂಬವನ್ನು ಪಾಲು ಮಾಡಬಹುದು. ತಿಳಿದ ಕೃಷಿಕರೊಬ್ಬರು ಜೊತೆಗಿದ್ದರೆ ಆರು, ಏಳನೇ ತರಗತಿಯ ಮಕ್ಕಳು ನೋಡನೋಡುತ್ತ ಕಲಿಯುವ ಕೆಲಸ ಇದು. ಪೇಟೆಯ ಮಳೆಯನ್ನು ತಾಳಿಕೊಂಡು ಬಂದ ಕುಟುಂಬದ ಈ ಪಾಲನ್ನು ಪಕ್ಕದ ಶಾಲೆಗೆ ಕೊಡುವುದಾದರೆ, ಅದರ ಜೊತೆ ಆಯಾ ತಿಂಗಳು ಎಷ್ಟು ಪಾಕ ಬೇಕಾಯಿತು, ಯಾವ ಮರ ಯಾವಾಗ ಹೂಬಿಟ್ಟಿತು ಎಂದು ಬರೆದಿಟ್ಟ ನೋಟುಪುಸ್ತಕದ ಪ್ರತಿಯನ್ನೂ ಕೊಡಬೇಕು. ಇಲಾಖೆ ಸಹಾಯಧನ ಕೊಡುವುದಾದರೆ ಕಾಡಿನಿಂದ ಹಿಡಿದು ತಂದ ಕುಟುಂಬಕ್ಕೆ ಕೊಡದೆ, ಹೀಗೆ ಪಾಲಾಗಿ ಬಂದ ಕುಟುಂಬಕ್ಕೆ ಕೊಡಲಿ.